ಕಡಿ ಮಗಳಿಗಿ 18 ತುಂಬ್ತು, ಪಾಲಕರ ಸಹಿ ಇನ್ನ ಬ್ಯಾಡಂತ

ರೊಟ್ಟಿ ಅವ್ವ, ಕಲಬುರಗಿ

ಶರಣ್ರಿ ಎಲ್ಲರಿಗಿ. ನೀವೆಲ್ಲ ಬರಿಯೋದು ಓದಕೋತ ಬಂದೀನಿ, ನಾ ಬರಿಲಾಕ ಕುಂತದ್ದು ಇದೇ ಮೊದಲು.

ಮಂಗಳವಾರ ಮಗಳ ಜೋಡಿ ಪೋಸ್ಟ್ ಆಫೀಸಿಗಿ ಹೋಗಿದ್ದೆ. ಅಕಿ ಹೆಸರಿಲೆ ಸುಕನ್ಯಾ ಸಮೃದ್ಧಿ ಖಾತೆ ಅದ. 2015ರಾಗ, ಆ ಯೋಜನೆ ಶುರುವಾದ ವರ್ಷನೇ ತೆಗಿಸಿದ್ದೆ. ಹುಡುಗಿಗಿ 10 ವರ್ಷ ಆಗೋದ್ರಾಗ ತೆಗಿಸಬೇಕು ಅಂದಿದ್ರು, ಅಕಿಗಿ ಆಗ 8. ಮೊದಲು ವರ್ಷಕ್ಕ ಕಮ್ಮಿ ಅಂದ್ರ 1000 ರೂಪಾಯಿ ಕಟ್ಟಬೇಕಿತ್ತು, 2018ರಾಗ ಅದನ್ನ 250ಕ್ಕ ಇಳಿಸಿದ್ರು. ಇಳಿಸಿದ್ರೂ ನಾ ಎಂದೂ 1000ಕ್ಕ ಕಮ್ಮಿ ಕಟ್ಟಿಲ್ಲ. ಖಡಕ್ ರೊಟ್ಟಿ ಮಾರಿದ ರೊಕ್ಕ ಅದು. ಈಗ ಅಕಿಗಿ ಬೆಂಗಳೂರಾಗ ಕೃಷಿ ಓದ್ಲಾಕ ಸೀಟ್ ಸಿಕ್ಕದ. ಓದಿಗಿ ಅಂದ್ರ ಖಾತ್ಯಾಗಿಂದು ಅರ್ಧದ ತನಕ ತೆಗಿಲಾಕ ಬರ್ತದ, ಅದಕ್ಕಂತ ಹೋಗಿದ್ವಿ.

ನಾ ರೂಢಿ ಪ್ರಕಾರ ಪೆನ್ನು ಕೈಯಾಗ ಹಿಡದು ಮುಂದ ನಿಂತೆ. ಕೌಂಟರಿನಾಗ ಕುಂತ ಹುಡುಗ ಭಾಳ ಸಮಾಧಾನದಿಂದ ಹೇಳಿದ: "ಅವ್ವಾರೆ, 18 ತುಂಬ್ಯದ. ಇನ್ನ ಮ್ಯಾಲ ಖಾತೆ ಇವರೇ ನಡಸಬೇಕು. ಇವರ ಆಧಾರ್, ಇವರ ಫೋಟೋ, ಇವರ ಸಹಿ. ನಿಮ್ಮ ಸಹಿ ಬ್ಯಾಡ."

ಪೆನ್ನು ಮಗಳ ಕೈಯಾಗ ಕೊಟ್ಟೆ. ಅಕಿ ಸಹಿ ಮಾಡಿದಳು, ಉದ್ದಕ, ಕೆಳಗ ಒಂದು ಗೆರಿ ಎಳದು. ಅಂಥಾ ಸಹಿ ಯಾವಾಗ ಕಲ್ತಳೋ ನನಗ ಗೊತ್ತೇ ಇಲ್ಲ.

ಮನಿಗಿ ಬಂದು ರೊಟ್ಟಿ ಬಡಿಲಾಕ ಕುಂತ್ರ ಕೈ ಏಳವಲ್ದು. ಹಿರಿಯಾಂವ ಪುಣೆದಾಗ ಇದ್ದಾನ, ನಡುವಿನಾಕಿನ ಬಸವಕಲ್ಯಾಣಕ್ಕ ಕೊಟ್ಟೀವಿ. ಹಿರಿಯಾಂವನ್ನ ಸಾಲಿಗಿ ಹಾಕಿದಾಗಿನಿಂದ ಇಪ್ಪತ್ತು ವರ್ಷದ ಮ್ಯಾಲ ನಾನೇ ಎಲ್ಲಾ ಕಡಿ ಪಾಲಕರು ಅಂತ ಸಹಿ ಮಾಡಿದಾಕಿ. ಅಂಕಪಟ್ಟಿ, ಬಸ್ ಪಾಸ್, ಸ್ಕಾಲರ್‌ಶಿಪ್, ಲಸಿಕೆ ಚೀಟಿ, ಸಾಲಿಯಿಂದ ಟ್ರಿಪ್ಪಿಗಿ ಕರಕೊಂಡು ಹೋಗ್ತೀವಿ ಅಂತ ಬರೋ ಕಾಗದ. ಇವರು ಟೆಂಪೋ ಹೊಡಿತಾರ, ಮನ್ಯಾಗ ಇರೋದು ಕಮ್ಮಿ. ಹಂಗಾಗಿ ಎಲ್ಲಾ ನಂದೇ ಸಹಿ. ನಾ ಓದಿದ್ದು 7ನೇತ್ತ ತನಕ. ನನ್ನ ಹೆಸರು ನಾ ಬರದದ್ದು ಹೆಚ್ಚು ಸಲ ಮಕ್ಕಳ ಸಲುವಾಗಿನೇ.

ನಿಮ್ಮ ಮನ್ಯಾಗ ಕಡಿ ಕೂಸಿಗಿ 18 ಆದಾಗ ಹ್ಯಾಂಗಿತ್ತು? ಖುಷಿ ಪಡಬೇಕು ಅಂತ ಎಲ್ಲಾರೂ ಹೇಳ್ತಾರ. ಖುಷಿನೂ ಅದ. ಆದ್ರ ಎದ್ಯಾಗ ಒಂದು ಕಲ್ಲು ಕುಂತಂಗ ಆಗ್ಯದ.

ಬೀದರ್ ಕುಸುರಿ

ಅಕ್ಕಾ, ನಿಮ್ಮ ಬರಹ ರಾತ್ರಿ ಓದಿ ಮುಂಜಾನೆ ಮತ್ತ ಓದಿದೆ.

ನಾ ಬಿದರಿ ಕೆಲಸದಾಂವ. ನಮ್ಮ ಅಬ್ಬಾ, ದಾದಾ ಎಲ್ಲಾರೂ ಇದೇ ಕೆಲಸ. ಸತು, ಅದರಾಗ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ತೀವಿ, ಉಳಿಲೆ ನಕ್ಷಿ ಕೊರದು ಬೆಳ್ಳಿ ತಂತಿ ಕೂಡಸ್ತೀವಿ. ಕಡಿಗಿ ಕೋಟಿ ಒಳಗಿನ ಹಳೇ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಾಗ ಅದ್ದಿದ್ರ ಸತು ಕಪ್ಪಾಗ್ತದ, ಬೆಳ್ಳಿ ಬೆಳ್ಳಗ ಉಳಿತದ. 2006ರಾಗ ಇದಕ್ಕ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ತು. ನಮ್ಮ ಕಡಿ ಮಗ ಆಗ ಹುಟ್ಟಿರಲಿಲ್ಲ. ಮೂರು ಮಂದಿ ಗಂಡುಮಕ್ಕಳಾಗ ಅವನೊಬ್ಬನೇ ಕೈಗೆಲಸಕ್ಕ ಕುಂತಾಂವ. 9 ವರ್ಷದಾಂವ ಇದ್ದಾಗಿಂದ ನನ್ನ ಬಲಕ್ಕ ಕುಂತು ತಂತಿ ಕೂಡಸ್ತಿದ್ದ. ಅವನ ಕೈ ನನ್ನ ಕೈಗಿಂತ ಸಣ್ಣ, ಹೂವಿನ ಬಳ್ಳಿ ಅವನೇ ಛಲೋ ಮಾಡ್ತಿದ್ದ.

ಹೋದ ವರ್ಷ 18 ತುಂಬಿ ಮೂರನೇ ದಿನ ಬಂದು ನಿಂತ. "ಅಬ್ಬಾ, ಹೈದರಾಬಾದಿನಾಗ ಮೊಬೈಲ್ ರಿಪೇರಿ ಅಂಗಡ್ಯಾಗ ಕೆಲಸ ಸಿಕ್ಕದ, ಸೋಮವಾರ ಹೋಗ್ತೀನಿ" ಅಂದ. ಹೋಗಲೇನು ಅಂತ ಕೇಳಲಿಲ್ಲ. ಹೋಗ್ತೀನಿ ಅಂದ.

ನಾ ನಾಕು ತಿಂಗಳು ಅವನ ಜೋಡಿ ಮಾತಾಡಲಿಲ್ಲ. ಅವನ ಅಮ್ಮಿ ಫೋನ್ ಹಿಡದು "ತಗೋರಿ" ಅಂದ್ರ ಎದ್ದು ಹೊರಗ ಹೋಗ್ತಿದ್ದೆ. ಅಂವ ದುಡಿಲಾಕ ಹೋದದ್ದಕ್ಕ ಸಿಟ್ಟಿರಲಿಲ್ಲ ಅಕ್ಕಾ. ನನ್ನ ಕೇಳದೇ ಹೋಗಲಾಕ ಬರ್ತದ ಅಂತ ಅವನಿಗಿ ಗೊತ್ತಾತಲ್ಲ, ಅದು ಸಹನ ಆಗಲಿಲ್ಲ. ಈಗ ಮಾತಾಡ್ತೀವಿ. ಆ ನಾಕು ತಿಂಗಳದಾಗ ಅವನಿಗಿ ಕಾಮಣಿ ಆಗಿ ಒಂದು ವಾರ ರೂಮಿನಾಗ ಒಬ್ಬನೇ ಬಿದ್ದಿದ್ದ ಅಂತ ಮೊನ್ನೆ ಈದಿಗಿ ಬಂದಾಗ ಗೊತ್ತಾತು. ನನಗ ಹೇಳಬ್ಯಾಡ ಅಂತ ಅಮ್ಮಿಗಿ ಆಣಿ ಹಾಕಿದ್ದನಂತ.

ನೀವು ಸಿಟ್ಟಾಗಬ್ಯಾಡ್ರಿ ಅಕ್ಕಾ. ಅತ್ತರೂ ನಡೀತದ.

ಚಿಂಚೋಳಿ ಕಾಕಾ

ತಂಗೆವ್ವಾ, ಹಿರಿಯಾಂವ ಅಂತ ತಿಳಿದು ಒಂದು ಮಾತು ಹೇಳ್ತೀನಿ, ಮನಸ್ಸಿಗಿ ಹಚ್ಕೋಬ್ಯಾಡ. ಹೆಣ್ಣು ಹುಡುಗಿ. 18 ತುಂಬ್ತು ಅಂದ್ರ ಸರಕಾರದ ಕಾಯ್ದೆನೂ ಅಡ್ಡ ಬರಂಗಿಲ್ಲ. ಛಲೋ ಮನಿ ನೋಡಿ ಲಗ್ನ ಮಾಡಿಬಿಟ್ಟರ ನಿಂಗೂ ನಿದ್ದಿ, ಅಕಿಗೂ ಒಂದು ನೆಲಿ. ಸುಮಾರು 600 ಕಿಲೋಮೀಟರ್ ದೂರ ಕಳಸ್ತೀ, ಅಲ್ಲಿ ಯಾರಿದ್ದಾರ ಅಕಿಗಿ? ಕಲಬುರಗಿದಾಗೇ ಕಾಲೇಜು ಕಮ್ಮಿ ಅವ ಏನು? ಕೃಷಿ ಕಾಲೇಜೂ ಅದ. ಪ್ರೀತಿಲೇ ಹೇಳ್ಲಕತ್ತೀನಿ.

ಸುರಪುರದ ಮಾಸ್ತರು

ಕಾಕಾರ ಕಾಳಜಿ ಅರ್ಥವಾಗುತ್ತದೆ. ಆದರೂ 27 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನಾಗಿ ಈ ಮಾತಿಗೆ ಸುಮ್ಮನಿರಲಾರೆ.

18 ಅನ್ನುವುದು ಹೆಣ್ಣುಮಕ್ಕಳ ಮದುವೆಗೆ ಕಾಯ್ದೆ ಇಟ್ಟ ಕೆಳಗಿನ ಮಿತಿ. ಅದು 1978ರ ತಿದ್ದುಪಡಿಯಲ್ಲೇ ಬಂತು. ನಮ್ಮ ಕಡೆ ಅದನ್ನು ಮುಹೂರ್ತ ಎಂದು ಓದಿಕೊಂಡಿದ್ದೇವೆ. 2006-07ರಲ್ಲಿ ಶುರುವಾದ ಭಾಗ್ಯಲಕ್ಷ್ಮಿ ಯೋಜನೆಯಲ್ಲಿ ಹುಡುಗಿ ಕನಿಷ್ಠ 8ನೇ ತರಗತಿ ಓದಿರಬೇಕು, 18ಕ್ಕೆ ಮೊದಲು ಮದುವೆ ಆಗಿರಬಾರದು ಎಂಬ ಷರತ್ತು ಇಟ್ಟರು. ಅದರಿಂದ ಎಷ್ಟೋ ಹುಡುಗಿಯರು ಶಾಲೆಯಲ್ಲಿ ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ಯೋಜನೆಯಲ್ಲಿ ಮಗಳ ಹೆಸರಿಗೆ ಇಟ್ಟ ಬಾಂಡಿನ ಹಣ ಕೈಗೆ ಬಂದ ಕೂಡಲೇ ಲಗ್ನಪತ್ರಿಕೆ ಹಿಡಿದು ಶಾಲೆಗೆ ಬಂದ ತಂದೆಯರನ್ನೂ ಕಂಡಿದ್ದೇನೆ. "ಸರ್, ಬರ್ರಿ" ಎಂದು ಕರೆಯುತ್ತಾರೆ. ಹಿಂದೆ ನಿಂತ ಹುಡುಗಿ ನೆಲ ನೋಡುತ್ತಿರುತ್ತಾಳೆ. ಅಂಥ ಮದುವೆಗಳಿಗೆ ಹೋಗುವುದನ್ನು ನಾನು ಬಿಟ್ಟಿದ್ದೇನೆ.

ಅಕ್ಕಾವರೇ, ನಿಮ್ಮ ಮಗಳಿಗೆ ಸಿಕ್ಕ ಸೀಟು ಸಣ್ಣದಲ್ಲ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ 70 ಪ್ರತಿಶತ, ರಾಜ್ಯದ ಉಳಿದ ಕಡೆ 8 ಪ್ರತಿಶತ ಸೀಟು ನಮ್ಮ ಮಕ್ಕಳಿಗೆ. ನಾನು ಪಿಯುಸಿ ಮುಗಿಸಿದಾಗ ಇದ್ಯಾವುದೂ ಇರಲಿಲ್ಲ. ಬೆಂಗಳೂರು ನಮಗೆ ಬೇರೆ ದೇಶವೇ ಆಗಿತ್ತು.

ಇನ್ನೊಂದು, ಇದು ಬರೀ ಉಪಯೋಗದ ಮಾತು: ಅವಳು ಹೊರಡುವ ಮೊದಲು ಮತದಾರರ ಪಟ್ಟಿಗೆ ನಮೂನೆ 6 ತುಂಬಿಸಿ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1. ಹಾಗೆಯೇ, ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ ಎಂದು ಕಾಲೇಜಿನವರು ಕೇಳುತ್ತಾರೆ. ಅದಕ್ಕೆ ವಿದ್ಯಾರ್ಥಿಯ ಜೊತೆ ತಂದೆ ಅಥವಾ ತಾಯಿಯ ಸಹಿಯೂ ಬೇಕು, ಪ್ರತಿ ವರ್ಷ. ನಿಮ್ಮ ಪೆನ್ನು ಒಳಗಿಡಬೇಡಿ.

ರೊಟ್ಟಿ ಅವ್ವ, ಕಲಬುರಗಿ

ಮಾಸ್ತರೇ, ಆ ಮುಚ್ಚಳಿಕೆ ವಿಷಯ ಓದಿ ಕಣ್ಣಾಗ ನೀರು ಬಂತು. ಮಗಳಿಗಿ ತೋರಿಸಿದೆ, ಅಕಿ ನಕ್ಕಳು.

ಕಾಕಾ, ನಿಮ್ಮ ಮ್ಯಾಲ ಸಿಟ್ಟಿಲ್ಲ. ನಮ್ಮ ಮನಿ ಹಿರ್ಯಾರೂ ಇದೇ ಅಂತಾರ. ಆದ್ರ ಅಕಿ ಕೃಷಿನೇ ಯಾಕ ಓದ್ತೀನಿ ಅಂತಾಳ ಅನ್ನೋದು ಕೇಳ್ರಿ. ಆಳಂದ ಕಡಿ ನಮ್ದು ಮೂರು ಎಕರೆ ಅದ, ತೊಗರಿ ಹಾಕ್ತೀವಿ. 2022ರಾಗ ನೆಟೆ ರೋಗ ಬಂತಲ್ಲ, ಹೂವು ಕಾಯಿ ಹಿಡದು ನಿಂತ ಗಿಡ ನಿಂತಲ್ಲೇ ಒಣಗಿ ಹೋದ್ವು. ಎಳ್ಳ ಅಮಾಸಿಗಿ ಚರಗ, ಅಂದ್ರ ಭೂಮಿತಾಯಿಗಿ ಎಡಿ, ಚೆಲ್ಲಲಾಕ ಹೊಲಕ್ಕ ಹೋಗಿದ್ವಿ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಎಳ್ಳಿನ ಹೋಳಿಗಿ ಎಲ್ಲಾ ಕಟಗೊಂಡು. ಇವರು ಚರಗ ಚೆಲ್ಲಕೋತ ಒಣ ಗಿಡದ ನಡುವ ನಡದ್ರು. ಕೂಗಿದ ದನಿ ನಡುವೇ ಕಟ್ತು. ಮಗಳು ಆಗ 15 ವರ್ಷದಾಕಿ. ಒಂದು ಗಿಡ ಬೇರು ಸಮೇತ ಕಿತ್ತು, ಕಾಂಡ ಸೀಳಿ ನೋಡಿದಳು, ಒಳಗ ಕರ್ರಗ ಗೆರಿ ಇತ್ತು. ಅದನ್ನ ಪ್ಲಾಸ್ಟಿಕ್ ಚೀಲದಾಗ ಹಾಕ್ಕೊಂಡು ಮನಿಗಿ ತಂದು ಸಾಲಿ ಮೇಡಂಗ ತೋರಿಸಿದಳು. ಅವತ್ತಿನಿಂದ ಅಕಿದು ಒಂದೇ ಹಟ.

ಅಂಥಾ ಹುಡುಗಿಗಿ ನಾ ಬ್ಯಾಡ ಅನ್ನಲಿ ಹ್ಯಾಂಗ?

ಜೇವರ್ಗಿ ತಾಯಿ

ಅಕ್ಕಾ, ಬರಿಬೇಕೋ ಬ್ಯಾಡೋ ಅಂತ ಎರಡು ದಿನ ಯೋಚನಿ ಮಾಡಿದೆ.

ನನ್ನ ಕಡಿ ಮಗನಿಗೂ ಇದೇ ವರ್ಷ 18 ತುಂಬ್ತು. ಹುಟ್ಟಿದಾಗಿಂದ ಅವನಿಗಿ ಸೆರೆಬ್ರಲ್ ಪಾಲ್ಸಿ, ಬುದ್ಧಿನೂ ಸಣ್ಣ ಕೂಸಿಂದು. ನಡಿಲಾಕ ಬರಂಗಿಲ್ಲ. ಮಾತು ನನಗ ತಿಳಿತಾವ, ಬ್ಯಾರೆಯವರಿಗಿ ತಿಳಿಯಂಗಿಲ್ಲ. ಹುಟ್ಟುಹಬ್ಬದ ದಿನ ಅವನ ಮೀಸಿ ಗಡ್ಡ ನಾನೇ ಮೊದಲ ಸಲ ತೆಗದೆ. ಅವರಪ್ಪ ತೀರಿಕೊಂಡು ಆರು ವರ್ಷ ಆತು, ಮನ್ಯಾಗ ಗಂಡಸರು ಯಾರೂ ಇಲ್ಲ. ಬ್ಲೇಡ್ ಹಿಡದ ಕೈ ನಡುಗ್ತಿತ್ತು. ಅಂವ ಗಲ್ಲಕ್ಕ ಸಾಬೂನಿನ ನೊರಿ ಹತ್ತಿದ ಕೂಡಲೇ ನಗಲಾಕ ಶುರು ಮಾಡಿದ, ನಿಲ್ಲಿಸಲೇ ಇಲ್ಲ.

ಆಮ್ಯಾಲ ಬ್ಯಾಂಕಿಗಿ ಹೋದೆ. ಅವನ ಪಿಂಚಣಿ ಬರೋ ಖಾತೆ ಅದು. ನಿಮಗ ಹೇಳಿದಂಗೇ ನನಗೂ ಹೇಳಿದ್ರು, 18 ಆಗ್ಯದ, ಇನ್ನ ನಿಮ್ಮ ಸಹಿ ನಡಿಯಂಗಿಲ್ಲ. ಅವನಿಗಿ ಸಹಿ ಮಾಡಲಾಕ ಬರಂಗಿಲ್ಲ. ಹೆತ್ತಾಕಿ ನಾನು, 18 ವರ್ಷ ಎತ್ತಿ ಇಳಿಸಿದಾಕಿ ನಾನು, ಆದ್ರ ಕಾಯ್ದೆ ಪ್ರಕಾರ ಅವತ್ತಿನಿಂದ ನಾ ಅವನಿಗಿ ಪಾಲಕಿ ಅಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅಂತ ಅದ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗಿ ಕಮ್ಮಿ ಇದ್ದವರು, ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವರು, ಇವರಿಗಿ 18 ಆದ ಮ್ಯಾಲ ಪಾಲಕರು ಬೇಕಂದ್ರ ಆ ಕಾಯ್ದೆ ಕೆಳಗ ಅರ್ಜಿ ಹಾಕಬೇಕು. ಜಿಲ್ಲಾಕ್ಕೊಂದು ಸ್ಥಳೀಯ ಸಮಿತಿ ಇರ್ತದ, ಡಿಸಿ ಸಾಹೇಬ್ರು ಅದರ ಅಧ್ಯಕ್ಷರು. "ನನ್ನ ಮಗನಿಗಿ ನನ್ನನ್ನ ಪಾಲಕಿ ಅಂತ ನೇಮಿಸ್ರಿ" ಅಂತ ನಾನೇ ಬರದು ಕೊಟ್ಟೀನಿ. ಅದನ್ನ ಬರಿಯೋವಾಗ ನನಗಾದ ಸಂಕಟ ಯಾರಿಗೂ ಹೇಳಿರಲಿಲ್ಲ, ಈಗ ನಿಮಗ ಹೇಳ್ಲಕತ್ತೀನಿ.

ನಿಮ್ಮ ದುಃಖ ಸಣ್ಣದು ಅಂತ ನಾ ಹೇಳಂಗಿಲ್ಲ ಅಕ್ಕಾ. ನನ್ನ ಹಿರೇ ಮಗಳು ಮನಿ ಬಿಟ್ಟು ಹೋದಾಗ ನಾನೂ ಅತ್ತೀನಿ. ಇವನ ಸಲುವಾಗಿ ಬರೋ ಅಳುವಿನ ಪರಿನೇ ಬ್ಯಾರೆ. ನಿಮಗ ನಿಮ್ಮ ಸಹಿ ಬ್ಯಾಡಾತು, ನನ್ನ ಸಹಿ ನಾ ಇರೋ ತನಕ ಬೇಕು. ನಾ ಇಲ್ಲದ ದಿನ ಯಾರ ಸಹಿ? ಮಗಳು "ನಾ ಅದೀನಿ ಬೇ" ಅಂತಾಳ. ಅಕಿಗಿ ಅಕಿ ಸಂಸಾರ ಅದ. ಅರ್ಜ್ಯಾಗ ನನ್ನ ಹೆಸರು ಬರಿಯೋವಾಗ ಅದರ ಕೆಳಗ ಇನ್ನೊಂದು ಹೆಸರು ಬರಿಲಾಕ ಜಾಗ ಇದ್ದಿದ್ರ ಅಂತ ಅನಸ್ತು.

ಬೀದರ್ ಕುಸುರಿ

ಅಕ್ಕಾ, ನಿಮ್ಮ ಮಗನಿಗಿ ನಮ್ಮ ಮನ್ಯಾಗ ಎಲ್ಲಾರೂ ದುವಾ ಮಾಡ್ತೀವಿ. ಇದಕ್ಕಿಂತ ಹೆಚ್ಚು ಬರಿಲಾಕ ನನಗ ಬರವಲ್ದು.

ಹಾಸ್ಟೆಲ್ ಹುಡುಗಿ

ನಾನು ಶಹಾಪುರದವಳು, ಈಗ ಧಾರವಾಡದಲ್ಲಿ ಮೊದಲ ವರ್ಷ. ನಾನೂ ಮನೆಯಲ್ಲಿ ಕಡೇ ಮಗಳು. ದೊಡ್ಡವರ ನಡುವೆ ಮಾತಾಡ್ತಿದ್ದೀನಿ, ಕ್ಷಮಿಸಿ.

ಈ ಕಡೆಯಿಂದ ಹೇಗಿರುತ್ತೆ ಅಂತ ಹೇಳಬೇಕು ಅನ್ನಿಸ್ತು. ನಾನು ಬಂದ ಮೊದಲ ತಿಂಗಳು ದಿನಾ ಸಂಜೆ ಅವ್ವ ಫೋನ್ ಮಾಡಿ "ಊಟ ಆಯ್ತಾ" ಅಂತ ಕೇಳ್ತಿದ್ದಳು. ಹ್ಞೂಂ ಅಂತಿದ್ದೆ. ನಿಜ ಅಂದ್ರೆ ಇಲ್ಲಿ ಸಾಂಬಾರಿನ ರುಚಿಗೆ ನನ್ನ ನಾಲಿಗೆ ಒಗ್ಗಿರಲಿಲ್ಲ, ಅರ್ಧ ದಿನ ಶೇಂಗಾ ಹಿಂಡಿ ಕಲಸಿಕೊಂಡು ಅನ್ನ ತಿಂತಿದ್ದೆ. ಅವ್ವನಿಗೆ ಹೇಳಿದ್ರೆ ಅಳ್ತಾಳೆ ಅಂತ ಹೇಳಲಿಲ್ಲ. ಫೋನಿನಲ್ಲಿ ಅವ್ವ ಅತ್ತರೆ ನನಗೆ ಬೇಜಾರು. ಅಳದೇ ಇದ್ದರೆ ನನ್ನ ಮರೆತಳೇನೋ ಅಂತ ಅದಕ್ಕಿಂತ ಬೇಜಾರು. ಇದನ್ನ ಯಾವ ಮಗಳೂ ಬಾಯಿಬಿಟ್ಟು ಹೇಳಲ್ಲ.

ಅವ್ವಾರೆ, ಒಂದು ಕೇಳಲಾ? ನಿಮಗೆ 18 ಆದಾಗ ನೀವೇನು ಮಾಡ್ತಿದ್ರಿ ಅಂತ ಮಗಳಿಗೆ ಹೇಳಿದ್ದೀರಾ? ನಮ್ಮ ಅವ್ವ ನನಗೆ ಇದುವರೆಗೂ ಹೇಳಿಲ್ಲ. ಕೇಳಿದ್ರೆ "ಏನದ ಹೇಳಲಾಕ" ಅಂತಾಳೆ.

ಚಿಂಚೋಳಿ ಕಾಕಾ

ನಾಕು ದಿನದಿಂದ ಎಲ್ಲಾ ಓದಲಕತ್ತೀನಿ. ನನ್ನ ಮಾತು ನಾ ವಾಪಸ್ ತಗೋಳಂಗಿಲ್ಲ. ಹೆಣ್ಣುಮಕ್ಕಳ ತಂದಿಗಿ ಇರೋ ಭಯ ಅದು, ಸುಳ್ಳಲ್ಲ. ಆದ್ರ ಒಂದು ಹೇಳ್ತೀನಿ. ನನ್ನ ಕಡಿ ಮಗಳಿಗಿ 18 ತುಂಬಿ ಎರಡು ತಿಂಗಳಿಗಿ ತಾಂಡೂರಿಗಿ ಕೊಟ್ಟೆ. ಮನಿ ಛಲೋ ಅದ, ಅಳಿಯ ಛಲೋ ಇದ್ದಾನ. ಮಗಳು ಎಂದೂ ಏನೂ ಬೇಡಿಲ್ಲ, ಏನೂ ಅಂದಿಲ್ಲ. ಸಾಲ್ಯಾಗ ಮಾತಾಡ್ಲಾಕ ನಿಂತ್ರ ಕುಂದರಿಸಬೇಕಾಗ್ತಿತ್ತು ಅಂಥಾ ಹುಡುಗಿ. ಈಗ ಮನಿಗಿ ಬಂದ್ರೂ ಚಾ ಮಾಡಿ ಕೊಟ್ಟು ಅಡಗಿ ಮನ್ಯಾಗ ಕುಂದರ್ತಾಳ. ಯಾಕವ್ವ ಅಂದ್ರ "ಏನಿಲ್ಲಪ್ಪ" ಅಂತಾಳ. ನೀವೆಲ್ಲಾ ಬರದದ್ದು ಓದಿದ ಮ್ಯಾಲ ಅದೇ ಕಿವ್ಯಾಗ ಕುಂತದ.

ರೊಟ್ಟಿ ಅವ್ವ, ಕಲಬುರಗಿ

ಹಾಸ್ಟೆಲ್ ಮಗಳೇ, ನೀ ಕೇಳಿದ ಮಾತಿಗಿ ಉತ್ತರ ಕೊಡಲಾಕ ವಾರ ಹಿಡೀತು.

ನಂದು 1996ರಾಗ ಲಗ್ನ. ಸಾಲಿ ದಾಖಲೆ ಪ್ರಕಾರ ನನಗ ಆಗ 17. ಕಾಯ್ದೆ ಇತ್ತು ಅಂತ ಮಾಸ್ತರು ಹೇಳಿದ್ರಲ್ಲ, ನಮ್ಮೂರಾಗ ಅದನ್ನ ಯಾರೂ ಹೇಳಿದ್ದು ನಾ ಕೇಳಿಲ್ಲ. ಹುಟ್ಟಿದ ದಿನ ಜೂನ್ 1. ಅದು ಖರೇ ತಾರೀಕು ಅಲ್ಲ. ಆಗೆಲ್ಲಾ ಸಾಲಿಗಿ ಹಾಕುವಾಗ ಮಾಸ್ತರು ಜೂನ್ 1 ಅಂತ ಬರೀತಿದ್ರು, ನಮ್ಮ ಕ್ಲಾಸಿನಾಗ ಅರ್ಧ ಮಂದಿದು ಅದೇ ತಾರೀಕು. ತೊಗರಿ ರಾಶಿ ಟೈಮಿಗಿ ಹುಟ್ಟಿದಿ ಅಂತ ನಮ್ಮವ್ವ ಅಂತಿದ್ದಳು. ಹಂಗಾಗಿ ನನಗ 18 ತುಂಬಿದ್ದು ಯಾವ ದಿನ ಅಂತ ನನಗೇ ಗೊತ್ತಿಲ್ಲ. ಅವತ್ತು ಅತ್ತಿ ಮನ್ಯಾಗ ಹಿಟ್ಟು ನಾದ್ತಿದ್ದೆ ಅಂತ ಮಾತ್ರ ಹೇಳಬಲ್ಲೆ, ಯಾಕಂದ್ರ ದಿನಾ ಅದೇ ಮಾಡ್ತಿದ್ದೆ. ಹೊಟ್ಟ್ಯಾಗ ಹಿರಿಯಾಂವ ಬಂದಿದ್ದ.

ಭಾನುವಾರ ರಾತ್ರಿ ಮಗಳಿಗಿ ಇದೆಲ್ಲಾ ಹೇಳಿದೆ. ಇಬ್ಬರೂ ಮಾಳಗಿ ಮ್ಯಾಲ ಕುಂತಿದ್ವಿ, ಸೆಕಿ ಭಾಳ ಇತ್ತು. ಇನ್ನೊಂದು ಮಾತೂ ಹೇಳಿದೆ. ಅದು ಇಲ್ಲಿ ಬರೀಲಾಕ ನಾಚಿಕಿ ಬರ್ತದ, ಆದ್ರೂ ಬರೀತೀನಿ. ಪೋಸ್ಟ್ ಆಫೀಸಿನಾಗ ಅಕಿ ಸಹಿ ಮಾಡೋದು ನೋಡಿದಾಗ ನನಗ ಬರೀ ದುಃಖ ಆಗಿರಲಿಲ್ಲ. ಹೊಟ್ಟಿಕಿಚ್ಚು ಆಗಿತ್ತು. ಹೆತ್ತ ಮಗಳ ಮ್ಯಾಲ. 18ಕ್ಕ ಒಬ್ಬಾಕಿ ಹುಡುಗಿ ಕೌಂಟರ್ ಮುಂದ ನಿಂತು, ತನ್ನ ಹೆಸರಿಲೆ ತನ್ನ ರೊಕ್ಕಕ್ಕ ಸಹಿ ಮಾಡಬಹುದು, ಯಾರೂ ಏನೂ ಅನ್ನಂಗಿಲ್ಲ. ಅದನ್ನ ನಾನೇ ದುಡದು ಅಕಿಗಿ ಕೊಟ್ಟೀನಿ. ಕೊಟ್ಟ ಕೈಗೇ ಅದು ನೋಡಿ ಉರಿ ಹತ್ತಿತು. ವಾರಗಟ್ಟಲೆ ನಾ ಎದ್ಯಾಗಿನ ಕಲ್ಲು ಅಂತ ಹೇಳಿದ್ದು ಇದೇ.

ಮಗಳು ಭಾಳ ಹೊತ್ತು ಸುಮ್ಮ ಕುಂತಳು. ನನಗ ಅಂಜಿಕಿ ಆತು, ತಪ್ಪು ತಿಳದಳೇನೋ ಅಂತ. ಆಮ್ಯಾಲ "ಅವ್ವಾ, ನಿನ್ನ ಹೆಸರಿಲೆ ಖಾತೆ ಅದ ಏನು?" ಅಂದಳು. ಗೃಹಲಕ್ಷ್ಮಿ ರೊಕ್ಕ ಬರ್ತದಲ್ಲ, ಅದದ ಅಂದೆ. "ಅದ್ರಾಗಿಂದು ನೀ ಎಂದರ ನಿನಗಂತ ತೆಗದೀ ಏನು?" ಅಂದಳು. ಇಲ್ಲ. ಕಿರಾಣಿ, ಗಿರಣಿ, ಅಕಿ ಪುಸ್ತಕ.

ಅಷ್ಟೇ ಕೇಳಿ ಮಲಗಿದಳು. ನಾ ಮಲಗಲಿಲ್ಲ.

ನಿನ್ನೆ ರಾತ್ರಿ ಗಾಡಿಗಿ ಕಳಿಸಿ ಬಂದ್ವಿ. ಇವರು ವಾರದಿಂದ ಅಕಿ ಸೈಕಲ್ಲಿಗಿ ಎಣ್ಣಿ ಹಾಕಿ, ಬ್ರೇಕ್ ಬಿಗಿ ಮಾಡಿ, ಒರಸಿ ನಿಲ್ಲಿಸ್ಯಾರ. ಅಕಿ ಸೈಕಲ್ ಒಯ್ಯಂಗಿಲ್ಲ ಅಂತ ಅವರಿಗೂ ಗೊತ್ತಿತ್ತು. ಸ್ಟೇಷನ್ನಿನಾಗ ಒಂದು ಮಾತೂ ಆಡಲಿಲ್ಲ. ಗಾಡಿ ಹೋದ ಮ್ಯಾಲ ಪ್ಲಾಟ್‌ಫಾರ್ಮಿನ ಕಡಿ ತನಕ ನಡದು ಹೋಗಿ ನಿಂತ್ರು, ನಾ ಹೋಗಿ ಕರಕೊಂಡು ಬಂದೆ. ಡಬ್ಬಿದಾಗ 40 ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟೀನಿ. ಹಾಸ್ಟೆಲ್ ಮಗಳೇ, ನಿನ್ನ ಮಾತು ನೆನಪಿಟ್ಟು ಹಿಂಡಿ ಹೆಚ್ಚಿಗಿ ಇಟ್ಟೀನಿ. ನಿನ್ನ ವಿಳಾಸ ಕೊಟ್ಟರ ನಿನಗೂ ಒಂದು ಡಬ್ಬಿ ಧಾರವಾಡದ ಬಸ್ಸಿಗಿ ಹಾಕ್ತೀನಿ.

ದೀಪಾವಳಿ ತನಕ ಬರಂಗಿಲ್ಲ ಅಂದಾಳ. ನಡುವ ನಾ ಒಮ್ಮೆ ಹೋಗಿ ಬರ್ತೀನಿ. 2023ರಿಂದ ನಮಗ ಬಸ್ ಪುಕ್ಕಟ ಅದ, ಕಂಪು ಬಸ್ಸಿನಾಗ ರಾತ್ರಿಯೆಲ್ಲಾ ಕುಂತು ಹೋದ್ರಾತು. ಕಲಬುರಗಿ ಜಿಲ್ಲಾ ಬಿಟ್ಟು ನಾ ಒಬ್ಬಾಕಿನೇ ಎಲ್ಲೂ ಹೋದಾಕಿ ಅಲ್ಲ. ಇವರಿಗಿ ಹೇಳಿದೆ, "ಹೋಗಿ ಬಾ" ಅಂದ್ರು.

ಮುಂಜಾನೆ ಎದ್ದು ರೊಟ್ಟಿ ಬಡಿಲಾಕ ಕುಂತಾಗ ಜೇವರ್ಗಿ ತಾಯಿ ನೆನಪಾದ್ರು. ಅಕ್ಕಾ, ನಿಮ್ಮ ಅರ್ಜಿ ಏನಾತು? ಸಮಿತಿಯವರು ಕರದ್ರೇನು? ಮಗನ್ನ ಕರಕೊಂಡು ಒಬ್ಬರೇ ಬರ್ತೀರೇನು?

ಜೇವರ್ಗಿ ತಾಯಿ

ಬುಧವಾರ 11 ಗಂಟೆಗಿ ಕರದಾರ ಅಕ್ಕಾ. ಮಗಳಿಗಿ ಬರಲಾಕ ಆಗಂಗಿಲ್ಲ. ಆಟೋ ಮಾಡ್ಕೊಂಡು ನಾವಿಬ್ಬರೇ ಬರ್ತೀವಿ.

ರೊಟ್ಟಿ ಅವ್ವ, ಕಲಬುರಗಿ

ಡಿಸಿ ಆಫೀಸು ನಮ್ಮ ಮನಿಯಿಂದ ಭಾಳ ದೂರಿಲ್ಲ. ನಾ ಹತ್ತೂವರೆಗೇ ಗೇಟಿನ ಹತ್ರ ನಿಂತಿರ್ತೀನಿ, ಹಸಿರು ಸೀರಿ. ಇವರೂ ಟೆಂಪೋ ತರ್ತಾರ, ಅವನ್ನ ಎತ್ತಿ ಇಳಿಸಲಾಕ ಒಂದು ಕೈ ಆಗ್ತದ. ಮಧ್ಯಾಹ್ನ ನಮ್ಮ ಮನ್ಯಾಗೇ ಉಂಡು ಹೋಗ್ರಿ.

ಜೇವರ್ಗಿ ತಾಯಿ

ಬರ್ತೀವಿ ಅಕ್ಕಾ. ಅವನಿಗಿ ಖಡಕ್ ರೊಟ್ಟಿ ಬ್ಯಾಡ, ಜಗಿಲಾಕ ಬರಂಗಿಲ್ಲ. ಬಿಸಿದು ಮೆತ್ತಗ ಮಾಡಿ ಹಾಲಿನಾಗ ನೆನಸಿದ್ರ ಎರಡು ಉಣ್ತಾನ.